ಅಪ್‌ಡೇಟ್ ನಿಂತುಹೋದ ಫೋನು: ಕಸ್ಟಮ್ ರಾಮ್ ಹಾಕಿ ಉಳಿಸೋದಾ, ಬೇರೆ ತಗೊಳ್ಳೋದಾ?

ನಿಟ್ಟೂರಿನವ

ಹೊಸನಗರ ತಾಲ್ಲೂಕು, ನಿಟ್ಟೂರು ಕಡೆ. ಮನೆಯಲ್ಲಿರುವ ಎರಡು ಫೋನಿನ ಬಗ್ಗೆ ಕೇಳಬೇಕು.

ಒಂದನೇದು 2018ರ ಮಾಡೆಲ್. ಸ್ನ್ಯಾಪ್‌ಡ್ರ್ಯಾಗನ್ 636, 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜ್. ಆಂಡ್ರಾಯ್ಡ್ 9ಕ್ಕೆ ನಿಂತಿದೆ, ಸೆಕ್ಯುರಿಟಿ ಪ್ಯಾಚ್ 2020ರದ್ದು. ಅಪ್‌ಡೇಟ್ ಇದೆಯಾ ಅಂತ ಒತ್ತಿದರೆ "ನಿಮ್ಮ ಫೋನ್ ಅಪ್‌ಟುಡೇಟ್ ಆಗಿದೆ" ಅಂತ ಟಿಕ್ ಮಾರ್ಕ್ ಬೇರೆ ತೋರಿಸುತ್ತದೆ. ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಸ್ಕ್ರೀನ್, ಕ್ಯಾಮೆರಾ, ಬ್ಯಾಟರಿ ಎಲ್ಲ ಸರಿಯಿದೆ. ತೊಂದರೆ ಇವು:

ಬ್ಯಾಂಕ್ ಆ್ಯಪ್ ಪ್ಲೇ ಸ್ಟೋರಿನಲ್ಲಿ "ನಿಮ್ಮ ಸಾಧನಕ್ಕೆ ಹೊಂದುವುದಿಲ್ಲ" ಅನ್ನುತ್ತಿದೆ. ಕ್ರೋಮ್‌ಗೆ ಹೊಸ ಆವೃತ್ತಿ ಬರುತ್ತಿಲ್ಲ. ಪಕ್ಕದ ಮನೆಯವರ ಹೊಸ ಫೋನಿಗೆ ಮನೆಯೊಳಗೇ ಬಿಎಸ್ಎನ್ಎಲ್ 4ಜಿ ಸಿಗುತ್ತದೆ, ಇದಕ್ಕೆ ಅದೇ ಸಿಮ್ ಹಾಕಿದರೂ 2ಜಿ. ಜೊತೆಗೆ ಫೋನ್ ವಿಪರೀತ ನಿಧಾನ.

ಎರಡನೇದು ಅಪ್ಪಯ್ಯನ ಫೋನು, ಆಂಡ್ರಾಯ್ಡ್ 6. ವಾಟ್ಸಾಪ್ ನಡೆಯುತ್ತದೆ. ಆದರೆ ಎಷ್ಟೋ ವೆಬ್‌ಸೈಟ್ "ಸಂಪರ್ಕ ಸುರಕ್ಷಿತವಲ್ಲ" ಅಂತ ತೆರೆಯೋದೇ ಇಲ್ಲ.

ಬಳಕೆ: ವಾಟ್ಸಾಪ್, ಅಡಿಕೆ ಧಾರಣೆ ನೋಡೋದು, ಯುಪಿಐ, ಬೆಳೆ ಸಮೀಕ್ಷೆ. ಗೇಮ್ ಗೀಮ್ ಎಂತದೂ ಇಲ್ಲ. ಕಸ್ಟಮ್ ರಾಮ್ (ಫೋನ್ ಕಂಪನಿಯದ್ದಲ್ಲದ, ಬೇರೆಯವರು ಕಟ್ಟಿದ ಆಂಡ್ರಾಯ್ಡ್) ಹಾಕಿದರೆ ಇವೆಲ್ಲ ಸರಿಯಾಗುತ್ತದಾ? ಅಂಗಡಿಯವರು "ಬಿಸಾಕಿ, ಹೊಸದು ತಗೊಳ್ಳಿ" ಅಂತಾರೆ. ಗೊತ್ತಿದ್ದವರು ಹೇಳಿ.

---

ತುಂಗಾತೀರ

ನೀವು ಹೇಳಿದ ನಾಲ್ಕು ತೊಂದರೆಗೆ ನಾಲ್ಕು ಬೇರೆ ಬೇರೆ ಕಾರಣ ಮಾರಾಯ್ರೆ. ಎಲ್ಲವನ್ನೂ "ಅಪ್‌ಡೇಟ್ ಇಲ್ಲ" ಅನ್ನೋ ಒಂದೇ ಚೀಲಕ್ಕೆ ತುಂಬಿದರೆ ದುಡ್ಡು ದಂಡ.

ಫೋನಿನ ಸಾಫ್ಟ್‌ವೇರ್ ಒಂದೇ ಕಡೆಯಿಂದ ಬರುವುದಿಲ್ಲ. ತಳದಲ್ಲಿ ಚಿಪ್ಪಿನ ಡ್ರೈವರು, ಕರ್ನೆಲ್, ಮೋಡೆಮ್ಮಿನ ಫರ್ಮ್‌ವೇರ್ ಇರುತ್ತವೆ. ಚಿಪ್ ಕಂಪನಿ ಕೊಟ್ಟರೆ ಫೋನ್ ಕಂಪನಿ ಕೊಡುತ್ತದೆ. ಚಿಪ್ಪಿನವರು ಆ ಮಾದರಿಯನ್ನು ಕೈಬಿಟ್ಟ ಮೇಲೆ ಫೋನಿನವರಿಗೆ ಮನಸ್ಸಿದ್ದರೂ ಮಾಡುವುದು ಕಷ್ಟ, ಮನಸ್ಸಿರುವುದೂ ಕಮ್ಮಿ ಅನ್ನಿ. ಅದರ ಮೇಲೆ ಆಂಡ್ರಾಯ್ಡ್. ಅದರಲ್ಲಿ ಕೆಲವು ಭಾಗಗಳನ್ನು ಗೂಗಲ್ ಪ್ಲೇ ಮೂಲಕ ನೇರವಾಗಿ ರಿಪೇರಿ ಮಾಡುವ ಏರ್ಪಾಡು ಬಂದದ್ದು 2019ರಲ್ಲಿ, ಆಂಡ್ರಾಯ್ಡ್ 10ರಿಂದ. ಹಾಗಾಗಿ ನಿಮ್ಮ 9ಕ್ಕೆ ಅದು ಇಲ್ಲ. ಒಂದೇ ಮೆಟ್ಟಿಲಲ್ಲಿ ತಪ್ಪಿಹೋಯಿತು. ಎಲ್ಲಕ್ಕಿಂತ ಮೇಲೆ ಬ್ರೌಸರ್ ಮತ್ತು ಆ್ಯಪ್‌ಗಳು. ಇವು ಫೋನ್ ಕಂಪನಿಯನ್ನು ಕೇಳದೆ ಪ್ಲೇ ಸ್ಟೋರಿಂದ ಹೊಸದಾಗುತ್ತವೆ.

ಇದರಿಂದ ಎಂತ ಆಗುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ. 2023ರ ಸೆಪ್ಟೆಂಬರಿನಲ್ಲಿ ಲಿಬ್‌ವೆಬ್‌ಪಿ ಎಂಬ, ಚಿತ್ರ ಬಿಡಿಸಿ ತೋರಿಸುವ ಕೋಡಿನಲ್ಲಿ ದೊಡ್ಡ ತೂತು ಸಿಕ್ಕಿತು. ಬೇಕೆಂದೇ ಕೆಡಿಸಿದ ಒಂದು ಚಿತ್ರ ತೆರೆದರೆ ಸಾಕು, ಫೋನಿನೊಳಗೆ ನುಗ್ಗುವ ದಾರಿ. ಕ್ರೋಮ್ ಕೆಲವೇ ದಿನದಲ್ಲಿ ಅದನ್ನು ಮುಚ್ಚಿತು. ಆದರೆ ಅದೇ ಕೋಡಿನ ಇನ್ನೊಂದು ಪ್ರತಿ ಆಂಡ್ರಾಯ್ಡಿನೊಳಗೇ ಇದೆ, ಅದಕ್ಕೆ ಆಮೇಲಿನ ತಿಂಗಳ ಸೆಕ್ಯುರಿಟಿ ಪ್ಯಾಚ್ ಬೇಕು. 2020ಕ್ಕೆ ನಿಂತ ಫೋನಿಗೆ ಅದು ಬಂದಿರೋದೇ ಇಲ್ಲ.

ಈಗ ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ತೆಗೆದು ಪ್ಯಾಚ್ 2020ರ ಯಾವ ತಿಂಗಳದ್ದು ನೋಡಿ. ಫೆಬ್ರವರಿಗಿಂತ ಹಿಂದಿನದಾದರೆ ಬ್ಲೂಟೂತ್ ಆಫ್ ಮಾಡಿಯೇ ಇಡಿ. ಬ್ಲೂಫ್ರ್ಯಾಗ್ ಅನ್ನುವ ದೋಷ ಆಂಡ್ರಾಯ್ಡ್ 8 ಮತ್ತು 9ರಲ್ಲಿತ್ತು. ಹತ್ತಿರ ಕೂತವರು ನೀವು ಏನನ್ನೂ ಒತ್ತದಿದ್ದರೂ ಬ್ಲೂಟೂತ್ ಮೂಲಕ ಒಳಗೆ ಬರಬಹುದಿತ್ತು. ಮುಚ್ಚಿದ್ದು 2020ರ ಫೆಬ್ರವರಿ ಪ್ಯಾಚ್‌ನಲ್ಲಿ.

ಕ್ರೋಮ್ ವಿಷಯ: 138ನೇ ಆವೃತ್ತಿಯೇ ಆಂಡ್ರಾಯ್ಡ್ 8 ಮತ್ತು 9ಕ್ಕೆ ಕೊನೆ. 139ರಿಂದ, ಅಂದರೆ 2025ರ ಆಗಸ್ಟಿನಿಂದ, ಆಂಡ್ರಾಯ್ಡ್ 10 ಬೇಕು. ಅದಕ್ಕೆ ಪರದಾಡುವುದು ಬೇಡ. ಫೈರ್‌ಫಾಕ್ಸ್ ಹಾಕಿಕೊಂಡು ಅದನ್ನೇ ಡೀಫಾಲ್ಟ್ ಬ್ರೌಸರ್ ಮಾಡಿ, ಆಂಡ್ರಾಯ್ಡ್ 8ರ ತನಕ ಅದಕ್ಕೆ ಹೊಸ ಆವೃತ್ತಿ ಬರುತ್ತಿದೆ. ಆದರೆ ಇದು ಪೂರ್ತಿ ಮದ್ದಲ್ಲ. ಬೇರೆ ಆ್ಯಪ್‌ಗಳು ತಮ್ಮೊಳಗೇ ವೆಬ್ ಪುಟ ತೋರಿಸಲು ವೆಬ್‌ವ್ಯೂ ಬಳಸುತ್ತವೆ. ಆಂಡ್ರಾಯ್ಡ್ 7ರಿಂದ 9ರ ತನಕ ಆ ವೆಬ್‌ವ್ಯೂ ಕೆಲಸ ಮಾಡುವುದು ಕ್ರೋಮೇ. ಕ್ರೋಮ್ ನಿಂತಲ್ಲಿಗೆ ಅದೂ ನಿಂತಿತು. ಆದ್ದರಿಂದ ಫೇಸ್‌ಬುಕ್ಕಿನೊಳಗೋ ಮತ್ತೆಲ್ಲೋ ಲಿಂಕ್ ಒತ್ತಿದಾಗ ಅಲ್ಲೇ ಓದಬೇಡಿ, ಮೂರು ಚುಕ್ಕಿ ಒತ್ತಿ "ಬ್ರೌಸರಿನಲ್ಲಿ ತೆರೆ" ಕೊಡಿ.

---

ಸಾಗರ್ ಸರ್ಕ್ಯೂಟ್

ಅಪ್ಪಯ್ಯನ ಆಂಡ್ರಾಯ್ಡ್ 6ರ ಬಗ್ಗೆ ನಾನು ಹೇಳ್ತೇನೆ.

ಮೊದಲು ತಾರೀಕು ನೋಡಿ. ಹಳೇ ಫೋನು ಪೂರ್ತಿ ಚಾರ್ಜ್ ಇಳಿದು ಆಫ್ ಆದರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುವುದುಂಟು. ತಾರೀಕು ತಪ್ಪಿದ್ದರೆ ಒಂದೂ ವೆಬ್‌ಸೈಟ್ ತೆರೆಯುವುದಿಲ್ಲ, ಯಾಕೆಂದರೆ ಸೈಟು ಅಸಲಿ ಅಂತ ಹೇಳುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಸಿಗ್ನಲ್ ಇಲ್ಲದ ಮನೆಯಲ್ಲಿ ಅದು ತಾನಾಗಿ ಸರಿಯಾಗೋದೂ ಇಲ್ಲ, ಕೈಯಾರೆ ತಿದ್ದಬೇಕು.

ತಾರೀಕು ಸರಿಯಿದ್ದೂ ಕೆಲವು ಸೈಟ್ ಮಾತ್ರ ತೆರೆಯುತ್ತಿಲ್ಲ ಅಂದರೆ ರೂಟ್ ಸರ್ಟಿಫಿಕೇಟಿನ (ಉಳಿದವನ್ನು ನಂಬಲು ಫೋನಿನೊಳಗೆ ಇರಬೇಕಾದ ಬೇರಿನ ಸರ್ಟಿಫಿಕೇಟ್) ಸಮಸ್ಯೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆ ಕೊಡುವ ಸರ್ಟಿಫಿಕೇಟನ್ನು ಲೆಕ್ಕವಿಲ್ಲದಷ್ಟು ಸೈಟ್ ಬಳಸುತ್ತವೆ. ಅದರ ಸ್ವಂತ ಬೇರು "ಐಎಸ್ಆರ್‌ಜಿ ರೂಟ್ ಎಕ್ಸ್1". ಇದು ಆಂಡ್ರಾಯ್ಡ್ 7.1.1ರಿಂದ ಈಚೆಗಿನ ಫೋನಿನೊಳಗೆ ಇದೆ, ಹಿಂದಿನವುಗಳಲ್ಲಿ ಇಲ್ಲ. ಹಳೇ ಫೋನುಗಳಿಗಾಗಿ ಬೇರೊಂದು ಬೇರಿನ ಆಸರೆ ಕೊಟ್ಟಿದ್ದರು, ಅದೂ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಇದಕ್ಕೆ ದಾರಿ ಇದೆ. ಲೆಟ್ಸ್ ಎನ್‌ಕ್ರಿಪ್ಟ್ ಜಾಲತಾಣದಿಂದಲೇ ಆ ರೂಟ್ ಸರ್ಟಿಫಿಕೇಟ್ ಫೈಲನ್ನು ಬೇರೆ ಒಳ್ಳೇ ಫೋನಿನಲ್ಲಿ ಇಳಿಸಿ, ಮೆಮೊರಿ ಕಾರ್ಡಿಗೆ ಹಾಕಿ ಈ ಫೋನಿಗೆ ತನ್ನಿ. ಸೆಟ್ಟಿಂಗ್ಸ್, ಸೆಕ್ಯುರಿಟಿ, "ಸ್ಟೋರೇಜ್‌ನಿಂದ ಇನ್‌ಸ್ಟಾಲ್" ಒತ್ತಿ. ಹೆಸರು ಕೇಳುತ್ತದೆ, ಏನಾದರೂ ಕೊಡಿ. ಪಿನ್ ಅಥವಾ ಪ್ಯಾಟರ್ನ್ ಲಾಕ್ ಇಲ್ಲದಿದ್ದರೆ ಇಡಲೇಬೇಕು ಅನ್ನುತ್ತದೆ. ಆದ ಮೇಲೆ "ನಿಮ್ಮ ನೆಟ್‌ವರ್ಕ್ ಮೇಲೆ ಯಾರೋ ಕಣ್ಣಿಟ್ಟಿರಬಹುದು" ಅಂತ ಎಚ್ಚರಿಕೆ ಬರುತ್ತದೆ, ಹೆದರಬೇಡಿ, ನೀವೇ ಹಾಕಿದ ಸರ್ಟಿಫಿಕೇಟಿಗೆ ಅದು ಬರೋದೇ. ಆಂಡ್ರಾಯ್ಡ್ 6ರಲ್ಲಿ ಆ್ಯಪ್‌ಗಳೂ ಇದನ್ನು ಒಪ್ಪುತ್ತವೆ. 7ರಿಂದ ಮೇಲೆ ಹಾಗೆ ಒಪ್ಪುವುದಿಲ್ಲ, ಬ್ರೌಸರಿಗೆ ಮಾತ್ರ ಉಪಯೋಗ. ಅದೇ ಉಸಿರಿನಲ್ಲಿ ಹೇಳಿಬಿಡ್ತೇನೆ: ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಸರ್ಟಿಫಿಕೇಟ್ ಫೈಲನ್ನು ಹೀಗೆ ಹಾಕಿದರೆ ನಿಮ್ಮ ಮನೆ ಬೀಗದ ಕೈಯನ್ನು ಅವರಿಗೆ ಕೊಟ್ಟ ಹಾಗೆ.

ಕ್ರೋಮ್ ಆಂಡ್ರಾಯ್ಡ್ 6ಕ್ಕೆ 106ರಲ್ಲೇ ಮುಗಿದಿದೆ. ವಾಟ್ಸಾಪ್‌ಗೆ ಆಂಡ್ರಾಯ್ಡ್ 6 ಸಾಕು, ಹಾಗಾಗಿ ಸದ್ಯಕ್ಕೆ ಓಡುತ್ತದೆ. ಆದರೆ ದುಡ್ಡಿನ ಯಾವ ವ್ಯವಹಾರವೂ ಆ ಫೋನಿನಲ್ಲಿ ಬೇಡ.

---

ಮಲ್ನಾಡ್ ಟವರ್

4ಜಿ ವಿಷಯಕ್ಕೆ ಬರ್ತೇನೆ. ಇದನ್ನು ಅಪ್‌ಡೇಟಿಂದ ಸರಿಮಾಡಲಿಕ್ಕೆ ಆಗುವುದಿಲ್ಲ. ಬ್ರಹ್ಮ ಬಂದು ರಾಮ್ ಹಾಕಿದರೂ ಆಗುವುದಿಲ್ಲ.

ಬಿಎಸ್ಎನ್ಎಲ್ 4ಜಿ ಮುಖ್ಯವಾಗಿ ಎರಡು ತರಂಗಾಂತರದಲ್ಲಿ ಬರುತ್ತದೆ: 2100 ಮೆಗಾಹರ್ಟ್ಸ್ ಅಂದರೆ ಬ್ಯಾಂಡ್ 1, ಮತ್ತು 700 ಮೆಗಾಹರ್ಟ್ಸ್ ಅಂದರೆ ಬ್ಯಾಂಡ್ 28. 2100 ವೇಗ ಕೊಡುತ್ತದೆ, ಆದರೆ ಒಂದು ಗುಡ್ಡ ಅಡ್ಡ ಬಂದರೆ, ಒದ್ದೆ ಮರದ ಸಾಲು ಬಂದರೆ, ಮಣ್ಣಿನ ದಪ್ಪ ಗೋಡೆ ಬಂದರೆ ಸೋಲುತ್ತದೆ. 700 ಗುಡ್ಡದ ಅಂಚಿನಲ್ಲಿ ಬಾಗಿ ಇಳಿಯುತ್ತದೆ, ಗೋಡೆ ದಾಟುತ್ತದೆ. ನಿಟ್ಟೂರು, ನಗರ, ಸಂಪೇಕಟ್ಟೆ, ಆಗುಂಬೆ ಕಡೆಯ ಭೂಮಿಗೆ 700 ಇದ್ದರೇ ಮನೆಯೊಳಗೆ ಗತಿ.

2018ರಲ್ಲಿ ಭಾರತಕ್ಕೆ ಬಂದ ಮಧ್ಯಮ ಬೆಲೆಯ ಫೋನುಗಳಲ್ಲಿ ಬ್ಯಾಂಡ್ 1, 3, 5, 8, 40, 41 ಸಾಮಾನ್ಯ. 28 ಎಷ್ಟೋ ಮಾದರಿಯಲ್ಲಿ ಇಲ್ಲ, ಆಗ ಇಲ್ಲಿ ಅದರಲ್ಲಿ ಯಾರೂ ಸೇವೆ ಕೊಡುತ್ತಿರಲಿಲ್ಲ. ಬ್ಯಾಂಡ್ ಅಂದರೆ ಬರೀ ಸಾಫ್ಟ್‌ವೇರ್ ಅಲ್ಲ. ಆ ತರಂಗಾಂತರಕ್ಕೆ ಬೇಕಾದ ಫಿಲ್ಟರ್, ಆ್ಯಂಪ್ಲಿಫೈಯರ್, ಆ್ಯಂಟೆನಾ ಬೋರ್ಡಿನ ಮೇಲೇ ಇರಬೇಕು. ಯೂಟ್ಯೂಬಿನಲ್ಲಿ "ಬ್ಯಾಂಡ್ ಅನ್‌ಲಾಕ್" ತೋರಿಸುತ್ತಾರಲ್ಲ, ಅದು ಭಾಗ ಇದ್ದು ಮುಚ್ಚಿಟ್ಟ ಫೋನಿಗೆ ಮಾತ್ರ. ಇಲ್ಲದ್ದಕ್ಕೆ ಪ್ರಯತ್ನಿಸಿ ಮೋಡೆಮ್ಮಿನ ಫೈಲ್ ಕೆಡಿಸಿಕೊಂಡರೆ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಹೋಗಿ 2ಜಿಯೂ ಇಲ್ಲದಂತಾಗುತ್ತದೆ.

ಖಚಿತ ಮಾಡಿಕೊಳ್ಳುವುದು ಹೀಗೆ. ಪಕ್ಕದ ಮನೆಯವರ ಫೋನಿನಲ್ಲಿ ನೆಟ್‌ಮಾನ್‌ಸ್ಟರ್ ಆ್ಯಪ್ ಹಾಕಿ, ಲೊಕೇಶನ್ ಆನ್ ಮಾಡಿ ಅನುಮತಿ ಕೊಡಿ. ಲೊಕೇಶನ್ ಆಫ್ ಇದ್ದರೆ ಟವರಿನ ಮಾಹಿತಿ ಬರೋದಿಲ್ಲ, ಎಷ್ಟೋ ಜನ ಇಲ್ಲೇ ತಪ್ಪೋದು. ನಿಮ್ಮ ಮನೆಯ ಜಗಲಿಯಲ್ಲಿ ನಿಂತು ನೋಡಿದಾಗ ಅಲ್ಲಿ ಬಿ28 ಅಂತ ತೋರಿಸಿದರೆ, ನಿಮ್ಮ ಫೋನಿನ ಸ್ಪೆಸಿಫಿಕೇಶನ್‌ನಲ್ಲಿ ಬಿ28 ಇಲ್ಲದಿದ್ದರೆ, ಉತ್ತರ ಸಿಕ್ಕಿತು.

ಅಲ್ಲಿ ಬಿ1 ತೋರಿಸಿದರೆ ಕತೆ ಬೇರೆ. ನಿಮ್ಮ ಫೋನಿಗೂ ಅದು ಸಿಗಬೇಕು. ಸಿಮ್ 4ಜಿಗೆ ಬದಲಾದದ್ದೇ ನೋಡಿ (ಹಳೇ 3ಜಿ ಸಿಮ್ ಆದರೆ ಕಸ್ಟಮರ್ ಕೇರ್ ಸೆಂಟರಿನಲ್ಲಿ ಬದಲಿಸಿ ಕೊಡುತ್ತಾರೆ), ಅದು ಮೊದಲನೇ ಸ್ಲಾಟಿನಲ್ಲಿದೆಯಾ ನೋಡಿ, ಮೊಬೈಲ್ ನೆಟ್‌ವರ್ಕ್‌ನಲ್ಲಿ ಎಲ್‌ಟಿಇ ಆಯ್ಕೆಯಾಗಿದೆಯಾ ನೋಡಿ.

ಇನ್ನೊಂದು ಸೂಕ್ಷ್ಮ. 4ಜಿ ಡೇಟಾ ಬಂದು, ಕರೆ ಮಾಡಿದ ಕೂಡಲೆ 2ಜಿಗೆ ಇಳಿದು ನೆಟ್ ಕಟ್ಟಾದರೆ ಅದು ವೋಲ್ಟಿ (4ಜಿ ಮೇಲೇ ಕರೆ ಹೋಗುವ ಏರ್ಪಾಡು) ಇಲ್ಲದ್ದರಿಂದ. ಯಾವ ಕಂಪನಿಯ ಸಿಮ್ಮಿಗೆ ವೋಲ್ಟಿ ಕೊಡಬೇಕು ಎಂಬ ಪಟ್ಟಿ ಫೋನಿನ ಸಾಫ್ಟ್‌ವೇರಿನೊಳಗೆ ಇರುತ್ತದೆ. ಬಿಎಸ್ಎನ್ಎಲ್ 4ಜಿ ಬರುವ ಮೊದಲೇ ಅಪ್‌ಡೇಟ್ ನಿಂತ ಫೋನಿನ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲದಿರಬಹುದು. ಡಯಲರಿನಲ್ಲಿ *#*#4636#*#* ಒತ್ತಿ, ಫೋನ್ ಇನ್‌ಫರ್ಮೇಶನ್ ತೆರೆದು, "ವೋಲ್ಟಿ ಪ್ರೊವಿಶನ್ಡ್" ಸ್ವಿಚ್ ಹಾಕಿ ನೋಡಿ. ಕೆಲವದರಲ್ಲಿ ನಿಲ್ಲುತ್ತದೆ, ಕೆಲವದರಲ್ಲಿ ರೀಸ್ಟಾರ್ಟ್ ಆದ ಮೇಲೆ ಹೋಗುತ್ತದೆ.

ಬಿ28 ಇಲ್ಲದಿದ್ದರೆ ಅಗ್ಗದ ಉಪಾಯ: ಬಿ28 ಇರುವ ಸಣ್ಣ 4ಜಿ ರೌಟರನ್ನೋ ಇನ್ನೊಂದು ಫೋನನ್ನೋ ಟವರ್ ದಿಕ್ಕಿನ ಕಿಟಕಿಯಲ್ಲಿಟ್ಟು ಹಾಟ್‌ಸ್ಪಾಟ್ ಮಾಡಿ. ಹಳೇ ಫೋನು ವೈಫೈ ಮೇಲೆ ಚೆನ್ನಾಗಿಯೇ ನಡೆಯುತ್ತದೆ.

---

ಕೊಡಚಾದ್ರಿ_ಲಿನಕ್ಸ್

ಕಸ್ಟಮ್ ರಾಮ್ ಪ್ರಶ್ನೆಗೆ. ಚುಟುಕಾಗಿ: ಫೋನಿಗೆ ಜೀವ ಬರುತ್ತದೆ, ಆದರೆ ಬ್ಯಾಂಕ್ ಆ್ಯಪ್ ಬರುತ್ತದೆ ಅಂತ ನಂಬಿ ಮಾತ್ರ ಹಾಕಬೇಡಿ.

ಲಿನಿಯೇಜ್ ಓಎಸ್ ಎಂಬ ಕಸ್ಟಮ್ ರಾಮ್‌ನ ಜಾಲತಾಣದ ವಿಕಿಯಲ್ಲಿ ನಿಮ್ಮ ಮಾಡೆಲ್ ಹುಡುಕಿ. ಪ್ರತಿ ಫೋನಿಗೂ ಒಂದು ಕೋಡ್‌ನೇಮ್ ಇರುತ್ತದೆ, ಹೆಸರು ಒಂದೇ ಇದ್ದರೂ ಕೋಡ್‌ನೇಮ್ ಬೇರೆ ಇರಬಹುದು. "ನೋಟ್", "ಪ್ರೊ", "ಪ್ಲಸ್" ಬಾಲಗಳಲ್ಲಿ ಎಡವಿದವರೇ ಜಾಸ್ತಿ. ಪಟ್ಟಿಯಲ್ಲಿ ಇದೆ, ಈಗಲೂ ಯಾರೋ ನೋಡಿಕೊಳ್ಳುತ್ತಿದ್ದಾರೆ ಅಂದರೆ ಮಾತ್ರ ಮುಂದೆ ಹೋಗಿ. ಅಧಿಕೃತ ಪಟ್ಟಿಯಲ್ಲಿಲ್ಲದೆ ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಕಟ್ಟಿ ಹಾಕಿದ ರಾಮ್ ಅಂದರೆ, ಹಳೇ ಕಂಪನಿಯ ತೂತಿನ ಬದಲು ಹೊಸಬರ ತೂತು.

ಬೂಟ್‌ಲೋಡರ್ (ಫೋನ್ ಏಳುವಾಗ ಯಾವ ಸಾಫ್ಟ್‌ವೇರ್ ಓಡಬಹುದು ಅಂತ ನೋಡುವ ಬೀಗ) ಬಿಚ್ಚಲು ಕಂಪನಿ ಬಿಡಬೇಕು. ಶಿಯೋಮಿಗೆ ಖಾತೆ ಜೋಡಿಸಿ ಕಾಯಬೇಕು, ಆಗಿನ ಮಾಡೆಲ್‌ಗಳಿಗೆ ಸಾಮಾನ್ಯವಾಗಿ 168 ಗಂಟೆ. ಮೊಟೊರೊಲಾದ್ದು ಜಾಲತಾಣದಿಂದ ಕೋಡ್ ತರಿಸಿಕೊಳ್ಳುವ ಪದ್ಧತಿ. ಹುವಾವೆ 2018ರಲ್ಲೇ ಕೋಡ್ ಕೊಡುವುದನ್ನು ನಿಲ್ಲಿಸಿತು. ಸ್ಯಾಮ್‌ಸಂಗ್‌ನಲ್ಲಿ ಬಿಚ್ಚಿ ಬೇರೆ ಸಾಫ್ಟ್‌ವೇರ್ ಹಾಕಿದರೆ ನಾಕ್ಸ್ ಎಂಬ ಸುರಕ್ಷತೆಯ ಗುರುತು ಶಾಶ್ವತವಾಗಿ ಬೀಳುತ್ತದೆ, ವಾಪಸ್ ಲಾಕ್ ಮಾಡಿದರೂ ಹೋಗೋದಿಲ್ಲ.

ಬಿಚ್ಚಿದ ಕೂಡಲೆ ಫೋನಿನಲ್ಲಿದ್ದದ್ದೆಲ್ಲ ಅಳಿಯುತ್ತದೆ. ಆದ್ದರಿಂದ ಮೊದಲು ಫೋಟೊ, ಕಾಂಟ್ಯಾಕ್ಟ್, ವಾಟ್ಸಾಪ್ ಬ್ಯಾಕಪ್ ತೆಗೆದಿಡಿ. ಓಟಿಪಿ ಕೊಡುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಅದರ ಖಾತೆಗಳನ್ನು ಬೇರೆ ಫೋನಿಗೆ ದಾಟಿಸಿ. ಇದನ್ನು ಮರೆತರೆ ಆಮೇಲೆ ಬ್ಯಾಂಕಿಗೆ, ಈಮೇಲಿಗೆ ಅಲೆದಾಟ.

ಕೆಲಸದ ಕ್ರಮ ವಿಕಿಯಲ್ಲಿ ಇದೆ, ಇಲ್ಲಿ ಮುಗ್ಗರಿಸುವ ಜಾಗ ಮಾತ್ರ ಹೇಳ್ತೇನೆ. ಲ್ಯಾಪ್‌ಟಾಪ್ ಬಳಸಿ, ಡೆಸ್ಕ್‌ಟಾಪ್ ಬೇಡ. ಫರ್ಮ್‌ವೇರ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಕತೆ ಮುಗಿಯಿತು, ಮಳೆಗಾಲದಲ್ಲಿ ನಮ್ಮ ಕಡೆ ಅದು ಹೋಗದೇ ಇರುವ ದಿನ ಯಾವುದು? ಫೋನಿನ ಚಾರ್ಜ್ 60 ಶೇಕಡಕ್ಕಿಂತ ಮೇಲಿರಲಿ. ಫಾಸ್ಟ್‌ಬೂಟ್‌ನಲ್ಲಿ (ಕಂಪ್ಯೂಟರಿನಿಂದ ಆಜ್ಞೆ ಪಡೆಯುವ ಸ್ಥಿತಿ) ಫೋನ್ ಕಾಣದಿದ್ದರೆ ಕೇಬಲ್ ಬದಲಿಸಿ, ಆಮೇಲೆ ನೀಲಿ ಬಣ್ಣದ ಯುಎಸ್‌ಬಿ 3 ತೂತು ಬಿಟ್ಟು ಹಳೇ ಯುಎಸ್‌ಬಿ 2 ತೂತಿಗೆ ಹಾಕಿ. ಅರ್ಧಕ್ಕರ್ಧ "ಡ್ರೈವರ್ ಸಮಸ್ಯೆ" ಅಲ್ಲಿಗೇ ಮುಗಿಯುತ್ತದೆ.

2018ರ ಶಿಯೋಮಿ ಮಾಡೆಲ್‌ಗಳಾದರೆ ಆ್ಯಂಟಿ ರೋಲ್‌ಬ್ಯಾಕ್ ಅಂತ ಒಂದಿದೆ. "ಫಾಸ್ಟ್‌ಬೂಟ್ ಗೆಟ್‌ವಾರ್ ಆ್ಯಂಟಿ" ಆಜ್ಞೆ ಕೊಟ್ಟರೆ ಒಂದು ಅಂಕಿ ಬರುತ್ತದೆ. ನೀವು ಹಾಕುವ ಕಂಪನಿ ಫರ್ಮ್‌ವೇರಿನ ಅಂಕಿ ಅದಕ್ಕಿಂತ ಕಮ್ಮಿ ಇದ್ದರೆ ಫೋನು ಇಟ್ಟಿಗೆ. ರೆಡ್ಮಿ ನೋಟ್ 5 ಪ್ರೊದಲ್ಲಿ ಅಂಕಿ 4 ಇದ್ದದ್ದನ್ನು ನೋಡದೆ ಹಳೇ ಆವೃತ್ತಿ ಹಾಕಿ ಕೊಂದವರು ಬಹಳ. ಅದನ್ನು ಎಬ್ಬಿಸಲು ಕಂಪನಿಯ ಅನುಮತಿ ಇರುವ ಖಾತೆ ಬೇಕು.

ರಿಕವರಿ (ರಾಮ್ ಹಾಕಲು ಬಳಸುವ ಸಣ್ಣ ಸಾಫ್ಟ್‌ವೇರ್) ಹಾಕಿದ ಮೇಲೆ ಫಾರ್ಮ್ಯಾಟ್ ಡೇಟಾ ಮಾಡಲೇಬೇಕು, ಇಲ್ಲದಿದ್ದರೆ ಹಳೇ ಎನ್‌ಕ್ರಿಪ್ಶನ್ ಉಳಿದು ಲೋಗೋದಲ್ಲೇ ಸುತ್ತುತ್ತದೆ. ಸೈಡ್‌ಲೋಡ್ ಮಾಡುವಾಗ ಲ್ಯಾಪ್‌ಟಾಪಿನಲ್ಲಿ 47 ಶೇಕಡಕ್ಕೆ ನಿಂತ ಹಾಗೆ ಕಂಡರೆ ಕೇಬಲ್ ಕೀಳಬೇಡಿ. ಎಷ್ಟೋ ಫೋನಿನಲ್ಲಿ ಅದು ಅಲ್ಲಿಗೇ ಯಶಸ್ವಿಯಾಗಿ ಮುಗಿದಿರುತ್ತದೆ, ಫೋನಿನ ಸ್ಕ್ರೀನ್ ನೋಡಿ ನಿರ್ಧರಿಸಿ. ಪ್ಲೇ ಸ್ಟೋರ್ ಬೇಕಾದರೆ ಗೂಗಲ್ ಆ್ಯಪ್‌ಗಳ ಪ್ಯಾಕೇಜನ್ನು ಮೊದಲ ಸಲ ಬೂಟ್ ಆಗುವ ಮೊದಲೇ, ರಿಕವರಿಯಿಂದಲೇ ಹಾಕಬೇಕು, ಅದೂ ಅದೇ ಆಂಡ್ರಾಯ್ಡ್ ಆವೃತ್ತಿಯದ್ದು, ಆರ್ಮ್64. ಒಮ್ಮೆ ಬೂಟ್ ಮಾಡಿ ಆಮೇಲೆ ಹಾಕಿದರೆ ಕ್ರ್ಯಾಶ್ ಮೇಲೆ ಕ್ರ್ಯಾಶ್. ಮೊದಲ ಬೂಟಿಗೆ ಕಾಲು ಗಂಟೆ ಆದರೂ ತಾಳ್ಮೆ ಇರಲಿ.

ಕಸ್ಟಮ್ ರಾಮ್ ಇರುವಾಗ ಬೂಟ್‌ಲೋಡರನ್ನು ವಾಪಸ್ ಲಾಕ್ ಮಾಡಬೇಡಿ. ಸುರಕ್ಷಿತ ಅಂದುಕೊಂಡು ಮಾಡಿದರೆ ಫೋನ್ ತನ್ನ ಸಾಫ್ಟ್‌ವೇರನ್ನೇ ಗುರುತಿಸದೆ ಏಳೋದೇ ಇಲ್ಲ.

ಈಗ ಬ್ಯಾಂಕಿನದು. ಬ್ಯಾಂಕ್ ಆ್ಯಪ್‌ಗಳು ಪ್ಲೇ ಇಂಟೆಗ್ರಿಟಿ ಮೂಲಕ ಗೂಗಲ್ಲನ್ನು ಕೇಳುತ್ತವೆ: ಇದು ಕಂಪನಿ ಕೊಟ್ಟ ಹಾಗೇ ಇರುವ ಫೋನಾ? ಬೂಟ್‌ಲೋಡರ್ ಬಿಚ್ಚಿದ್ದಕ್ಕೆ "ಅಲ್ಲ" ಅಂತ ಉತ್ತರ. ಕೆಲವು ಆ್ಯಪ್ ಸುಮ್ಮನಿರುತ್ತವೆ, ಕೆಲವು ಬಾಗಿಲು ಹಾಕುತ್ತವೆ. ಇದನ್ನು ಮರೆಮಾಚುವ ಮಾಡ್ಯೂಲ್‌ಗಳು ಸಿಗುತ್ತವೆ, ಆದರೆ ಇವತ್ತು ನಡೆದದ್ದು ನಾಳೆ ನಿಲ್ಲುತ್ತದೆ. ವ್ಯಂಗ್ಯ ಎಂಥದು ಅಂದರೆ, 2020ರ ತೂತುಗಳಿರುವ ಹಳೇ ಫೋನು ಆ ಪರೀಕ್ಷೆಯಲ್ಲಿ ಪಾಸಾಗಬಹುದು, ಹೊಸ ಪ್ಯಾಚ್ ಹಾಕಿದ ಲಿನಿಯೇಜ್ ಫೇಲು.

ಮತ್ತೆ, ಲಿನಿಯೇಜ್ ಹಾಕಿದರೂ ತಳದ ಭಾಗ ಹೊಸದಾಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದು ಎರಡು ತಾರೀಕು ತೋರಿಸುತ್ತದೆ: ಆಂಡ್ರಾಯ್ಡಿನ ಪ್ಯಾಚ್, ವೆಂಡರ್ ಪ್ಯಾಚ್. ಮೊದಲನೇದು ಈ ವರ್ಷದ್ದಿರುತ್ತದೆ, ಎರಡನೇದು 2020ರಲ್ಲೇ ಕೂತಿರುತ್ತದೆ. ಪ್ರಾಮಾಣಿಕವಾಗಿ ತೋರಿಸುತ್ತಾರಲ್ಲ, ಅಷ್ಟೇ ಸಮಾಧಾನ.

---

ರಿಪ್ಪನ್‌ಪೇಟೆ ರೀಚಾರ್ಜ್

ಬ್ಯಾಂಕ್ ಆ್ಯಪ್ ಹೊಂದುವುದಿಲ್ಲ ಅಂದದ್ದಕ್ಕೆ ಕಾರಣ ಇಷ್ಟೇ: ಆ್ಯಪ್ ಮಾಡಿದವರು ಕನಿಷ್ಠ ಇಂಥ ಆಂಡ್ರಾಯ್ಡ್ ಬೇಕು ಅಂತ ಅಂಕಿ ಏರಿಸಿದ್ದಾರೆ. ಗೂಗಲ್ ನಿಲ್ಲಿಸಿದ್ದಲ್ಲ, ಬ್ಯಾಂಕ್ ನಿಲ್ಲಿಸಿದ್ದು. ಇದಕ್ಕೆ ಹಳೇ ಎಪಿಕೆ (ಪ್ಲೇ ಸ್ಟೋರ್ ಇಲ್ಲದೆ ಹಾಕುವ ಆ್ಯಪ್ ಫೈಲ್) ಹುಡುಕಿ ಹಾಕಲು ಹೋಗಬೇಡಿ. ಹಾಕಿದರೂ ಸರ್ವರು "ಅಪ್‌ಡೇಟ್ ಮಾಡಿ" ಅಂತ ಹೊರಗೆ ಹಾಕುತ್ತದೆ.

ಎಪಿಕೆ ಅಂದಾಗ ಹೇಳಲೇಬೇಕು. ಮದುವೆ ಕರೆಯೋಲೆ, ಪಿಎಂ ಕಿಸಾನ್, ಟ್ರಾಫಿಕ್ ದಂಡದ ಚಲನ್ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಎಪಿಕೆ ಫೈಲ್‌ಗಳು ಎಸ್ಎಂಎಸ್ ಓದಿ ಓಟಿಪಿ ಕದಿಯುವಂಥವು. ಇವಕ್ಕೆ ಆಂಡ್ರಾಯ್ಡಿನ ತೂತೂ ಬೇಕಿಲ್ಲ, ನೀವು ಅನುಮತಿ ಕೊಟ್ಟರೆ ಸಾಕು. ಹೊಸ ಫೋನಿನಲ್ಲೂ ಇದೇ ಪಾಡು. ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದಲ್ಲಿ "ಅಪರಿಚಿತ ಆ್ಯಪ್ ಇನ್‌ಸ್ಟಾಲ್" ಎಂಬಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ ಮ್ಯಾನೇಜರ್ ಮೂರಕ್ಕೂ ಅನುಮತಿ ತೆಗೆಯಿರಿ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ.

ಆ್ಯಪ್ ಇಲ್ಲದೆ ಬದುಕಲಿಕ್ಕೆ *99# ಇದೆ. ಇಂಟರ್‌ನೆಟ್ ಬೇಡ, 2ಜಿ ಸಿಗ್ನಲ್ಲಿನಲ್ಲೂ ನಡೆಯುತ್ತದೆ. ಬ್ಯಾಂಕಿಗೆ ಜೋಡಿಸಿದ ನಂಬರಿನಿಂದಲೇ ಡಯಲ್ ಮಾಡಬೇಕು. ಯುಪಿಐ ಪಿನ್ ಹೊಸದಾಗಿ ಇಡುವುದಾದರೆ ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು ಕೇಳುತ್ತದೆ. ಒಂದು ಸಲಕ್ಕೆ ₹5,000 ಮಿತಿ. ಮಧ್ಯದಲ್ಲಿ ಸಿಗ್ನಲ್ ಕುಂಟಿದರೆ ಸೆಶನ್ ಕಟ್ಟಾಗುತ್ತದೆ, ಆಗ ಮತ್ತೆ ಕಳಿಸುವ ಮೊದಲು ಬ್ಯಾಲೆನ್ಸ್ ನೋಡಿ. ಇಲ್ಲದಿದ್ದರೆ ಎರಡು ಸಲ ಹೋದೀತು.

---

ಸಾಗರ್ ಸರ್ಕ್ಯೂಟ್

ನಿಧಾನ ಆಗೋದಕ್ಕೂ ಅಪ್‌ಡೇಟಿಗೂ ಹೆಚ್ಚು ನಂಟಿಲ್ಲ. ಸ್ಟೋರೇಜ್ ನೋಡಿ. 64 ಜಿಬಿಯಲ್ಲಿ 10 ಜಿಬಿಗಿಂತ ಕಮ್ಮಿ ಖಾಲಿ ಇದ್ದರೆ ಒಳಗಿನ ಮೆಮೊರಿ ಚಿಪ್ ಬರೆಯಲಿಕ್ಕೇ ಪರದಾಡುತ್ತದೆ. ವಾಟ್ಸಾಪ್ ಸೆಟ್ಟಿಂಗ್ಸ್‌ನ ಮ್ಯಾನೇಜ್ ಸ್ಟೋರೇಜ್‌ನಲ್ಲಿ "ಹಲವು ಬಾರಿ ಫಾರ್ವರ್ಡ್ ಆದವು" ಅಂತ ಒಂದು ಗುಡ್ಡೆ ಇರುತ್ತದೆ, ಅಲ್ಲಿಂದ ಶುರುಮಾಡಿ. ಶುಭೋದಯಗಳನ್ನು ಅಳಿಸಿದರೆ ಪಾಪ ಬರೋದಿಲ್ಲ.

ಮಳೆಗಾಲದಲ್ಲಿ ಚಾರ್ಜಿಂಗ್ ಪೋರ್ಟಿನ ಪಿನ್ ಹಸಿರು ಕಟ್ಟುತ್ತದೆ, ಚಾರ್ಜ್ ನಿಧಾನ ಆಗುತ್ತದೆ, ಕಂಪ್ಯೂಟರಿಗೆ ಹಾಕಿದರೆ ಗುರುತಿಸುವುದಿಲ್ಲ. ರಾಮ್ ಹಾಕುವ ಮೊದಲು ಇದನ್ನು ಸರಿಮಾಡಿ, ಅರ್ಧದಲ್ಲಿ ಕನೆಕ್ಷನ್ ಹೋಗಬಾರದು. ಫೋನ್ ಆಫ್ ಮಾಡಿ, 99 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡೇ ಹನಿ ಮೆತ್ತನೆ ಬ್ರಶ್ಶಿಗೆ ಹಾಕಿ ಉಜ್ಜಿ, ಅರ್ಧ ಗಂಟೆ ಒಣಗಲಿ. ಸೂಜಿ, ಪಿನ್ನು ಹಾಕಿ ಕೆರೆಯಬೇಡಿ. ಒಲೆ ಮೇಲಿನ ಅಟ್ಟದಲ್ಲಿ ಒಣಗಲಿಕ್ಕೆ ಇಡೋದು ಬೇಡವೇ ಬೇಡ, ಬ್ಯಾಟರಿ ಅಡಿಕೆಯಲ್ಲ.

ಹಳೇ ಫೋನನ್ನು ಹಾಟ್‌ಸ್ಪಾಟ್ ಮಾಡಿ ದಿನವಿಡೀ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಉಬ್ಬುತ್ತದೆ. ಟೈಮರ್ ಪ್ಲಗ್ ಹಾಕಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೊಡಿ. ಹಿಂದಿನ ಮುಚ್ಚಳ ಎದ್ದಿದ್ದರೆ ಒತ್ತಿ ಕೂರಿಸಬೇಡಿ, ಚಾರ್ಜ್ ಮಾಡಬೇಡಿ, ಬಿಚ್ಚಿಸಿ.

---

ತುಂಗಾತೀರ

@ಕೊಡಚಾದ್ರಿ_ಲಿನಕ್ಸ್ ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಈ ಬಳಕೆಗೆ ನಾನು ರಾಮ್ ಹಾಕಿ ಅನ್ನುವುದಿಲ್ಲ. ಇವರಿಗೆ ಬೇಕಾದದ್ದು ಯುಪಿಐ ಮತ್ತು ಮನೆಯೊಳಗೆ 4ಜಿ. ರಾಮ್ ಮೊದಲನೇದನ್ನು ಹಾಳುಮಾಡಬಹುದು, ಎರಡನೇದನ್ನು ಸರಿಮಾಡಲಾರದು. ಇದ್ದ ಫೋನನ್ನು ದುಡ್ಡಿನ ವ್ಯವಹಾರದಿಂದ ಹೊರಗಿಟ್ಟು ವೈಫೈ ಮೇಲೆ ಧಾರಣೆ, ಯೂಟ್ಯೂಬ್, ತೋಟದ ಫೋಟೊಗೆ ಇಟ್ಟುಕೊಳ್ಳಿ. ಸಿಮ್ ಮತ್ತು ಬ್ಯಾಂಕಿಗೆ ಬೇರೆ ಫೋನ್ ತಗೊಳ್ಳಿ.

ತಗೊಳ್ಳುವಾಗ ಅಂಗಡಿಯಲ್ಲಿ ಕೇಳಬೇಕಾದ್ದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತಲ್ಲ. ಈ ಮಾಡೆಲ್ ಯಾವಾಗ ಬಿಡುಗಡೆ ಆಯಿತು, ಸೆಕ್ಯುರಿಟಿ ಪ್ಯಾಚ್ ಎಷ್ಟು ವರ್ಷ. ಆ ವರ್ಷಗಳು ನೀವು ಬಿಲ್ ಮಾಡಿಸಿದ ದಿನದಿಂದಲ್ಲ, ಮಾಡೆಲ್ ಬಿಡುಗಡೆಯಾದ ದಿನದಿಂದ ಶುರು. ದಸರಾ, ದೀಪಾವಳಿ ಆಫರಿನಲ್ಲಿ ಅಗ್ಗಕ್ಕೆ ಕೊಡುವ ಎರಡು ವರ್ಷ ಹಳೇ ಮಾಡೆಲಿಗೆ ನಾಲ್ಕು ವರ್ಷದ ಮಾತು ಕೊಟ್ಟಿದ್ದರೆ ನಿಮ್ಮ ಪಾಲಿಗೆ ಉಳಿದದ್ದು ಎರಡೇ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಎಸ್24ರಿಂದ 7 ವರ್ಷದ ಭರವಸೆ ಇದೆ. ಅಷ್ಟು ದುಡ್ಡು ಬೇಡ ಅಂದರೆ 2024ರ ಅಕ್ಟೋಬರಿನಲ್ಲಿ ಬಂದ ಗ್ಯಾಲಕ್ಸಿ ಎ16 5ಜಿಗೆ 6 ವರ್ಷ ಅಂದಿದ್ದಾರೆ. ಯಾವುದೇ ಆಗಲಿ, ಬಿ28 ಇದೆಯಾ ಅಂತ ಆ ಮಾಡೆಲ್ ನಂಬರಿನ ಸ್ಪೆಸಿಫಿಕೇಶನ್ ತೆಗೆದು ನೋಡದೆ ದುಡ್ಡು ಎಣಿಸಬೇಡಿ.

ಯೂರೋಪಿನಲ್ಲಿ 2025ರ ಜೂನ್ 20ರಿಂದ ನಿಯಮವೇ ಬಂದಿದೆ: ಮಾಡೆಲ್ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಸಿಗುವಂತಿರಬೇಕು. ಲೆಕ್ಕ ಶುರುವಾಗುವುದು ಮಾರಾಟ ನಿಂತ ದಿನದಿಂದ, ಗಮನಿಸಿ. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆದಿದೆ, ಬಿಡಿಭಾಗ ಮತ್ತು ಸರ್ವಿಸ್ ಸೆಂಟರ್ ಮಾಹಿತಿಗೆ ಉಪಯೋಗ. ಸತ್ತ ಅಪ್‌ಡೇಟನ್ನು ಅದು ಎಬ್ಬಿಸುವುದಿಲ್ಲ.

---

ನಿಟ್ಟೂರಿನವ

ಎಲ್ಲರಿಗೂ ವಂದನೆ. ನೋಡಿದ್ದು ಬರೀತೇನೆ: ಪಕ್ಕದ ಮನೆ ಫೋನಿನಲ್ಲಿ ಬಿ28, ನನ್ನದರಲ್ಲಿ ಅದು ಇಲ್ಲ. ಪ್ಯಾಚ್ 2020ರ ಜನವರಿ, ಹಾಗಾಗಿ ಬ್ಲೂಟೂತ್ ಆಫ್. ಸ್ಟೋರೇಜ್ ಖಾಲಿ ಇದ್ದದ್ದು 1.8 ಜಿಬಿ, ಈಗ 21. ಅಪ್ಪಯ್ಯನ ಫೋನಿಗೆ ಸರ್ಟಿಫಿಕೇಟ್ ಹಾಕಿದ ಮೇಲೆ ತೆರೆಯದಿದ್ದ ಸೈಟುಗಳಲ್ಲಿ ಹೆಚ್ಚಿನವು ತೆರೆದವು. ರಾಮ್ ಬೇಡ ಅಂತ ತೀರ್ಮಾನ. ಬೆಳೆ ಸಮೀಕ್ಷೆ ಆ್ಯಪ್ ಹಳೇದರಲ್ಲೇ ನಡೆಯಬಹುದಾ? ಹೊಸದಕ್ಕೆ ಯುಪಿಐ ದಾಟಿಸುವಾಗ ಏನಾದರೂ ನೋಡಬೇಕಾ?

---

ರಿಪ್ಪನ್‌ಪೇಟೆ ರೀಚಾರ್ಜ್

ಬೆಳೆ ಸಮೀಕ್ಷೆಗೆ ಹಂಗಾಮಿಗೊಂದು ಹೊಸ ಆ್ಯಪ್ ಬರುತ್ತದೆ, ಈ ಸಲದ್ದು 9ಕ್ಕೆ ಹತ್ತಿತು ಅಂತ ಮುಂದಿನದೂ ಹತ್ತುತ್ತದೆ ಅನ್ನೋ ಹಾಗಿಲ್ಲ. ಮನೆಯ ವೈಫೈಯಲ್ಲೇ ಇಳಿಸಿ ಒಮ್ಮೆ ತೆರೆದು ನೋಡಿಕೊಳ್ಳಿ. ತೋಟದೊಳಗೆ ಸೋಗೆಯ ಅಡಿ ಹಳೇ ಫೋನಿನ ಜಿಪಿಎಸ್ ತಡವಾಗಿ ಹಿಡಿಯುತ್ತದೆ. ಅಂಗಳದಲ್ಲೋ ಗದ್ದೆಯಲ್ಲೋ ಬಯಲಿಗೆ ನಿಂತು ಲೊಕೇಶನ್ ಹಿಡಿದ ಮೇಲೆ ಒಳಗೆ ಹೋಗಿ. ಆಗಲೇ ಇಲ್ಲ ಅಂದರೆ ಊರಿನ ಪಿಆರ್ (ಸಮೀಕ್ಷೆ ಮಾಡುವ ಖಾಸಗಿ ನಿವಾಸಿ) ಕೈಯಲ್ಲಿ ಮಾಡಿಸಿ.

ಯುಪಿಐಗೆ: ಹೊಸ ಫೋನಿನಲ್ಲಿ ನೋಂದಣಿಗೆ ಆ ಸಿಮ್ಮಿನಿಂದಲೇ ಎಸ್ಎಂಎಸ್ ಹೋಗಬೇಕು, ಸಿಮ್ಮಿಗೆ ಎಸ್ಎಂಎಸ್ ಇರುವ ಪ್ಲಾನ್ ಚಾಲ್ತಿಯಲ್ಲಿರಲಿ. ಫೋನ್ ಬದಲಾದ ಮೊದಲ 24 ಗಂಟೆ ₹5,000ದ ಮೇಲೆ ಕಳಿಸಲಿಕ್ಕೆ ಬಿಡೋದಿಲ್ಲ. ಅಡಿಕೆ ಕೊನೆ ಕೊಯ್ಲಿನ ಬಟವಾಡೆ ದಿನ ಬೆಳಿಗ್ಗೆ ಸಿಮ್ ಬದಲಿಸಿ ಕೂರಬೇಡಿ, ಎರಡು ದಿನ ಮೊದಲೇ ಮಾಡಿ. ಹಳೇ ಫೋನಿನ ಯುಪಿಐ ಆ್ಯಪಿನಲ್ಲಿ ಖಾತೆ ತೆಗೆದುಹಾಕಿ ಆಮೇಲೆ ಆ್ಯಪ್ ಅಳಿಸಿ. ಮುಂದೆ ಆ ಫೋನನ್ನು ಯಾರಿಗಾದರೂ ಕೊಡುವುದಾದರೆ ಗೂಗಲ್ ಖಾತೆಯನ್ನು ಸೆಟ್ಟಿಂಗ್ಸ್‌ನಿಂದ ತೆಗೆದ ಮೇಲೇ ರೀಸೆಟ್ ಹೊಡೆಯಿರಿ. ಖಾತೆ ಇರುವಾಗಲೇ ರಿಕವರಿಯಿಂದ ರೀಸೆಟ್ ಮಾಡಿದರೆ ಲಾಕ್ ಬಿದ್ದು, ಹಳೇ ಪಾಸ್‌ವರ್ಡ್ ಕೇಳುತ್ತ ಕೂರುತ್ತದೆ.